ಘಟ್ಟ ಇಳಿದು ಮೀನಿನ ಸೀಸನ್ನಿಗೆ: ಹಾಸನ, ಚಿಕ್ಕಮಗಳೂರಿನವರು ದಕ್ಕೆಯಲ್ಲಿ ಕೆಲಸ ಹಿಡಿಯುವುದು ಹೇಗೆ?

ಹಾಸನದ ಮಾರ್ಕೆಟ್ಟಿನಲ್ಲಿ, ಚಿಕ್ಕಮಗಳೂರಿನ ಸಂತೆಯಲ್ಲಿ ಸಿಗುವ ಬಂಗುಡೆ, ಬೂತಾಯಿ ಎಲ್ಲ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತಿ ಬಂದದ್ದು. ಅದೇ ರಸ್ತೆಯಲ್ಲಿ ಇಳಿದು ಹೋಗಿ, ಆ ಮೀನಿನ ಕೆಲಸದಲ್ಲೇ ನಾಲ್ಕು ಕಾಸು ದುಡಿಯಬಹುದಾ ಎಂದು ಕೇಳುವ ಹುಡುಗರು ನಮ್ಮ ಕಡೆ ಇದ್ದಾರೆ. ದುಡಿಯಬಹುದು. ಬೋಟು ಕಟ್ಟಿ ಮೀನು ಇಳಿಸುವ ಜಾಗಕ್ಕೆ ಕರಾವಳಿಯಲ್ಲಿ ದಕ್ಕೆ ಎನ್ನುತ್ತಾರೆ. ಮಂಗಳೂರು, ಮಲ್ಪೆ ಬಂದರುಗಳು ನಡೆಯುವುದೇ ಹೊರಗಿನಿಂದ ಬಂದ ಕೈಗಳಿಂದ. ಆಂಧ್ರ, ತಮಿಳುನಾಡು, ಒಡಿಶಾ, ಜಾರ್ಖಂಡ್, ಉತ್ತರ ಕರ್ನಾಟಕ, ಎಲ್ಲೆಲ್ಲಿಂದಲೋ ಬಂದವರು ಅಲ್ಲಿದ್ದಾರೆ. ಐದಾರು ಗಂಟೆ ದಾರಿಯ ನಮಗೆ ಅದು ದೂರವೇನಲ್ಲ.

ಆದರೆ ಮೊದಲೇ ಒಂದು ಮಾತು. ಮೊದಲ ಸೀಸನ್ನಿನಲ್ಲೇ ಆಳಸಮುದ್ರದ ಬೋಟ್ ಹತ್ತಬೇಡಿ. ಯಾರು ಎಷ್ಟೇ ಮುಂಗಡ ತೋರಿಸಿದರೂ ಬೇಡ. ದಡದಲ್ಲಿ ಶುರು ಮಾಡಿ, ಜನ ಯಾರು ಏನು ಎಂದು ನೋಡಿ, ಆಮೇಲೆ ದಿನದ ಬೋಟಿಗೆ ಹೋಗಿ. ಹತ್ತು ದಿನದ ಬೋಟ್ ಅದಾದ ಮೇಲಿನ ಮಾತು. ಈ ಲೇಖನವನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

1. ಮೊದಲು ತಿಂಗಳ ಲೆಕ್ಕ ಹಾಕಿ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ ಅದು, ಕಡಲೂ ಹುಚ್ಚೆದ್ದಿರುತ್ತದೆ. ಆ ಎರಡು ತಿಂಗಳು ನಾಡದೋಣಿಗಳು ಮಾತ್ರ ಇಳಿಯುತ್ತವೆ. ಅವು ಊರಿನ ಮೀನುಗಾರರ ಗುಂಪುಗಳದ್ದು, ಹೊಸಬರಿಗೆ ಅಲ್ಲಿ ಜಾಗ ಇಲ್ಲ. ಸೀಸನ್ ಎಂದರೆ ಆಗಸ್ಟ್‌ನಿಂದ ಮೇ ಕೊನೆಯವರೆಗೆ.

ಇದು ನಮ್ಮ ಬೇಸಾಯಕ್ಕೆ ಚೆನ್ನಾಗಿ ಹೊಂದುತ್ತದೆ. ಬೋಟುಗಳು ದಡದಲ್ಲಿ ಕಟ್ಟಿ ನಿಂತಿರುವಾಗಲೇ ಮಲೆನಾಡಿನಲ್ಲಿ ಸಸಿಮಡಿ, ನಾಟಿ. ನಾಟಿ ಮುಗಿಸಿ ಕೈ ಖಾಲಿಯಾಗುವ ಹೊತ್ತಿಗೆ ಅಲ್ಲಿ ಸೀಸನ್ ಶುರು. ಕಡೂರು, ಅರಸೀಕೆರೆ ಕಡೆಯವರು ರಾಗಿ ಬಿತ್ತಿ ಹೊರಟರೆ ಕೊಯ್ಲಿಗೆ ಒಮ್ಮೆ ಬಂದು ಹೋಗಬೇಕಾಗುತ್ತದೆ. ಕಾಫಿ ಕೊಯ್ಲನ್ನು ನಂಬಿದವರು ಸ್ವಲ್ಪ ಯೋಚನೆ ಮಾಡಿ. ಅರೇಬಿಕಾ ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಎಸ್ಟೇಟಿನ ಕೆಲಸ ಬಿಡುವ ಮನಸ್ಸಿಲ್ಲದಿದ್ದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ದಡದ ಕೆಲಸ ಮಾತ್ರ ಒಪ್ಪಿಕೊಳ್ಳಿ. ಬೋಟಿಗೆ ಮಾತು ಕೊಟ್ಟು ನಡುವೆ ಬಿಟ್ಟು ಬಂದರೆ ಆ ಬಂದರಿನಲ್ಲಿ ನಿಮ್ಮ ಹೆಸರು ಕೆಡುತ್ತದೆ. ನಿಮ್ಮದೊಂದೇ ಅಲ್ಲ, ನಾಳೆ ನಿಮ್ಮ ಊರಿನಿಂದ ಹೋಗುವವನದ್ದೂ.

ಕೆಲಸ ಹುಡುಕಲು ಒಳ್ಳೆಯ ಹೊತ್ತು ಜುಲೈ ಕೊನೆಯ ಎರಡು ವಾರ. ಬೋಟಿಗೆ ಬಣ್ಣ, ಎಂಜಿನ್ ರಿಪೇರಿ, ಬಲೆ ಸರಿಮಾಡುವುದು, ಐಸ್ ತುಂಬುವುದು, ಎಲ್ಲ ಒಟ್ಟಿಗೆ ನಡೆಯುವ ಸಮಯ. ಜನ ಸಾಲುವುದಿಲ್ಲ. ಎರಡನೇ ಹೊತ್ತು ಹಬ್ಬಗಳ ನಂತರ. ದೀಪಾವಳಿಗೋ ಸಂಕ್ರಾಂತಿಗೋ ಊರಿಗೆ ಹೋದವರಲ್ಲಿ ಕೆಲವರು ತಿರುಗಿ ಬರುವುದಿಲ್ಲ. ಮಾರ್ಚ್ ನಂತರ ಹೊಸದಾಗಿ ಹೋಗಬೇಡಿ. ಮೀನು ಕಡಿಮೆಯಾದ ವರ್ಷ ಎಷ್ಟೋ ಬೋಟುಗಳು ಡೀಸೆಲ್ ಖರ್ಚು ಹುಟ್ಟದೆ ಮೇ ಬರುವ ಮುಂಚೆಯೇ ಲಂಗರು ಹಾಕಿಬಿಡುತ್ತವೆ.

2. ಯಾವ ಕೆಲಸ ನಿಮಗೆ ಸರಿ?

ಮೀನುಗಾರಿಕೆ ಎಂದ ಕೂಡಲೇ ಎಲ್ಲರ ಕಣ್ಣಿಗೆ ಬೋಟು ಬರುತ್ತದೆ. ನಿಜಕ್ಕೂ ದಡದಲ್ಲೇ ಕೆಲಸ ಜಾಸ್ತಿ. ಬೋಟಿನಿಂದ ಮೀನು ಇಳಿಸುವುದು, ಜಾತಿ ಜಾತಿಯಾಗಿ ಬೇರೆ ಮಾಡುವುದು, ಬಾಕ್ಸ್ ಹೊರುವುದು, ಐಸ್ ಪುಡಿ ಮಾಡಿ ತುಂಬುವುದು, ಲಾರಿಗೆ ಲೋಡ್ ಮಾಡುವುದು. ಸ್ವಲ್ಪ ಓದು ಬರಹ ಬಲ್ಲವರಿಗೆ ಹರಾಜಿನ ಏಜೆಂಟರ ಹತ್ತಿರ ಲೆಕ್ಕ ಬರೆಯುವ ಕೆಲಸ ಇದೆ. ಭಾರಿ ವಾಹನದ ಲೈಸೆನ್ಸ್ ಇದ್ದು ಘಟ್ಟದಲ್ಲಿ ಓಡಿಸಿ ಗೊತ್ತಿದ್ದವರಿಗೆ ಮೀನಿನ ಲಾರಿ ಇದೆ. ಶಿರಾಡಿಯ ತಿರುವು, ಮಂಜು ಎರಡೂ ಬಲ್ಲ ನಮ್ಮ ಡ್ರೈವರುಗಳಿಗೆ ಇದು ಹೇಳಿ ಮಾಡಿಸಿದ ಕೆಲಸ ಎಂದು ನನ್ನ ಅಭಿಪ್ರಾಯ.

ಎರಡನೆಯದು ಕಾರ್ಖಾನೆ. ಐಸ್ ಪ್ಲಾಂಟ್, ಕೋಲ್ಡ್ ಸ್ಟೋರೇಜ್, ಸಿಗಡಿ ಮತ್ತು ಬೊಂಡಾಸ್ (ಸ್ಕ್ವಿಡ್) ಸ್ವಚ್ಛ ಮಾಡಿ ಪ್ಯಾಕ್ ಮಾಡುವ ಘಟಕಗಳು, ಮೀನಿನ ಹಿಟ್ಟು ಮತ್ತು ಎಣ್ಣೆ ತೆಗೆಯುವ ಫಿಶ್ ಮಿಲ್‌ಗಳು. ಮಂಗಳೂರಿನ ಉಳ್ಳಾಲದಿಂದ ಉಡುಪಿವರೆಗೆ ಇವು ಹರಡಿಕೊಂಡಿವೆ. ಕೂಲಿ ಗೊತ್ತಾದ ಕೆಲಸ, ನೆತ್ತಿಯ ಮೇಲೆ ಸೂರು ಇರುತ್ತದೆ.

ಮೂರನೆಯದು ಬೋಟು. ಅದರಲ್ಲೂ ಬೇರೆ ಬೇರೆ ಬಗೆ ಇದೆ.

ಪರ್ಸಿನ್ ಬೋಟ್ ಎಂದರೆ ಬಂಗುಡೆ, ಬೂತಾಯಿಯ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವಂಥದ್ದು. ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಬಲೆ ಎಳೆಯುತ್ತಾರೆ. ಬಹುಪಾಲು ಅದೇ ದಿನ ತಿರುಗಿ ಬರುತ್ತದೆ. ಜನ ಜಾಸ್ತಿ ಬೇಕಾದ್ದರಿಂದ ಹೊಸಬನಿಗೂ ಅವಕಾಶ ಸಿಗುತ್ತದೆ, ಕಲಿಸುವವರೂ ಸುತ್ತ ಇರುತ್ತಾರೆ.

ಟ್ರಾಲ್ ಬೋಟ್ ಬಲೆಯನ್ನು ಕಡಲ ತಳದಲ್ಲಿ ಎಳೆದುಕೊಂಡು ಹೋಗುತ್ತದೆ. ಸಣ್ಣ ಟ್ರಾಲ್ ಬೋಟುಗಳು ದಿನದಲ್ಲೇ ಬರುತ್ತವೆ. ಆಳಸಮುದ್ರದ್ದು ಎಂಟು ಹತ್ತು ದಿನ ಹೊರಗಿರುತ್ತದೆ. ಏಳೆಂಟು ಜನ ಮಾತ್ರ. ಎರಡು ಮೂರು ಗಂಟೆಗೊಮ್ಮೆ ಬಲೆ ಎತ್ತಬೇಕು, ಮೀನು ಬೇರೆ ಮಾಡಿ ಐಸಿಗೆ ಹಾಕಬೇಕು, ಮತ್ತೆ ಬಲೆ ಬಿಡಬೇಕು. ಹಗಲು ರಾತ್ರಿ ಹೀಗೇ. ನಿದ್ದೆ ತುಂಡು ತುಂಡು. ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹೊಟ್ಟೆ ತೊಳಸಿದರೂ ತಿರುಗಿ ಬರಲು ದಾರಿ ಇಲ್ಲ. ಹಾಗಾಗಿಯೇ ಮೊದಲ ಸಲ ಇದು ಬೇಡ ಎಂದದ್ದು.

ಅಡುಗೆ ಚೆನ್ನಾಗಿ ಬರುವವರಿಗೆ ಬೋಟಿನಲ್ಲಿ ಅಡುಗೆಯವನ ಜಾಗ ಒಳ್ಳೆಯ ಬಾಗಿಲು. ಮದುವೆ ಮನೆಯಲ್ಲಿ ಸೌಟು ಹಿಡಿದವರು ಇದನ್ನು ಕೇಳಿ ನೋಡಿ. ಅಡುಗೆಯವನೂ ಬಲೆ ಎಳೆಯಲು ಕೈ ಹಾಕಬೇಕಾಗುತ್ತದೆ, ಅದು ಗೊತ್ತಿರಲಿ.

3. ಹೊರಡುವ ಮುಂಚೆ ಊರಲ್ಲೇ ಮಾಡಬೇಕಾದ್ದು

ಕಾಗದಪತ್ರ ಮೊದಲು. ಆಧಾರ್ ಕಾರ್ಡಿನ ಜೆರಾಕ್ಸ್ ಸಾಲದು, ಕ್ಯುಆರ್ ಕೋಡ್ ಇರುವ ಪಿವಿಸಿ ಕಾರ್ಡನ್ನೇ ಮಾಡಿಸಿಕೊಳ್ಳಿ. ನೀರು ತಾಗಿದರೂ ಹಾಳಾಗುವುದಿಲ್ಲ, ಕಡಲಲ್ಲಿ ತಪಾಸಣೆಗೆ ಬಂದವರು ಅದನ್ನೇ ಕೇಳುತ್ತಾರೆ. 2008ರ ಮುಂಬೈ ದಾಳಿಕೋರರು ಸಮುದ್ರದಲ್ಲಿ ಒಂದು ಮೀನುಗಾರಿಕಾ ಬೋಟನ್ನು ವಶಪಡಿಸಿಕೊಂಡು ಬಂದಿದ್ದರು. ಅಂದಿನಿಂದ ಕಡಲಿಗೆ ಹೋಗುವ ಪ್ರತಿಯೊಬ್ಬನ ಗುರುತನ್ನೂ ಬಿಗಿಯಾಗಿ ನೋಡುತ್ತಾರೆ. ಬ್ಯಾಂಕ್ ಪಾಸ್‌ಬುಕ್, ನಾಲ್ಕು ಫೋಟೊ, ಇ-ಶ್ರಮ್ ಕಾರ್ಡ್ ಇಟ್ಟುಕೊಳ್ಳಿ. ರೇಷನ್ ಕಾರ್ಡಿನ ನಂಬರ್ ಬರೆದುಕೊಂಡಿರಿ, ರಾಜ್ಯದ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ತಗೊಳ್ಳಬಹುದು.

18 ತುಂಬದವರು ಹೋಗಲೇಬೇಡಿ. ಪಿಯುಸಿ ಬಿಟ್ಟ ಹುಡುಗನನ್ನು "ಹೇಗೂ ಸುಮ್ನೆ ಕೂತಿದ್ದಾನೆ" ಎಂದು ಕಳಿಸುವ ಅಪ್ಪ ಅಮ್ಮಂದಿರಿಗೂ ಇದೇ ಮಾತು.

ಈಜು. ಇದನ್ನು ಕಲಿಯದೆ ಬೋಟಿನ ಮಾತೇ ಬೇಡ. ಬಲ್ಲವರೊಬ್ಬರನ್ನು ಜೊತೆಗಿಟ್ಟುಕೊಂಡು ಕಲಿಯಿರಿ. ಬಟ್ಟೆ ಹಾಕಿಕೊಂಡೇ ಹತ್ತು ನಿಮಿಷ ನೀರಲ್ಲಿ ತೇಲುವುದನ್ನು ಅಭ್ಯಾಸ ಮಾಡಿ. ಕಡಲಿಗೆ ಬಿದ್ದವನಿಗೆ ದೂರ ಈಜುವುದಕ್ಕಿಂತ ತೇಲಿಕೊಂಡಿರುವುದು ಮುಖ್ಯ. ಬೋಟು ತಿರುಗಿ ಬರುವವರೆಗೆ ಉಸಿರು ಹಿಡಿದಿರಬೇಕು, ಅಷ್ಟೇ.

ಮೀನಿನ ಕೆಲಸ ನಿಮ್ಮ ಮೈಗೆ ಒಗ್ಗುತ್ತದಾ ಎಂದು ತಿಳಿಯಲು ಘಟ್ಟ ಇಳಿಯಲೇಬೇಕಿಲ್ಲ. ಗೊರೂರಿನ ಹೇಮಾವತಿ ಹಿನ್ನೀರು, ಬೇಲೂರಿನ ಯಗಚಿ, ಲಕ್ಕವಳ್ಳಿಯ ಭದ್ರಾ ಜಲಾಶಯ, ಕಡೂರು ಕಡೆಯ ಅಯ್ಯನಕೆರೆ, ಮದಗದ ಕೆರೆ ಇವೆಲ್ಲ ನಮ್ಮ ಎರಡು ಜಿಲ್ಲೆಗಳಲ್ಲೇ ಇವೆ. ಅಲ್ಲಿ ತೆಪ್ಪದಲ್ಲಿ ಹೋಗಿ ಕಾಟ್ಲಾ, ರೋಹು ಹಿಡಿಯುವವರ ಜೊತೆ ಒಂದು ವಾರ ಓಡಾಡಿ. ಜಲಾಶಯದಲ್ಲಿ ನೀವೇ ಬಲೆ ಬಿಡಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಪರವಾನಗಿ ಇದ್ದವರಿಗೆ ಸಹಾಯ ಮಾಡುತ್ತ ಬಲೆ ಬಿಡಿಸುವುದು, ಗಂಟು ಹಾಕುವುದು, ಮೀನಿನ ಮುಳ್ಳಿನಿಂದ ಕೈ ಉಳಿಸಿಕೊಳ್ಳುವುದನ್ನು ಕಲಿಯಬಹುದು. ಬೆಳಗಿನ ಜಾವದ ಚಳಿ, ಒದ್ದೆ ಬಟ್ಟೆ, ಮೀನಿನ ವಾಸನೆ ಒಂದೇ ವಾರಕ್ಕೆ ಬೇಸರ ತರಿಸಿದರೆ ಕಡಲ ಕೆಲಸ ನಿಮಗಲ್ಲ. ಅದು ಊರಲ್ಲೇ ಗೊತ್ತಾದರೆ ಒಳ್ಳೆಯದು ಅಲ್ವಾ?

ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ. ಚೀಲದಲ್ಲಿ ಗಮ್‌ಬೂಟ್, ಎರಡು ಜೊತೆ ರಬ್ಬರ್ ಗ್ಲೌಸ್, ಬೇಗ ಒಣಗುವ ಬಟ್ಟೆ, ತಲೆಗೆ ಟೋಪಿ, ಟಾರ್ಚ್, ಗಾಯಕ್ಕೆ ಮುಲಾಮು, ಒಂದು ಸಣ್ಣ ನೋಟ್‌ಬುಕ್ ಇರಲಿ. ನೋಟ್‌ಬುಕ್ ಯಾಕೆ ಎಂದು ಮುಂದೆ ಹೇಳುತ್ತೇನೆ. ಕೈಯಲ್ಲಿ ಕನಿಷ್ಠ ಎರಡು ವಾರದ ಊಟ, ವಸತಿಯ ಖರ್ಚು ಇರಬೇಕು. ಜೇಬು ಖಾಲಿ ಇದ್ದವನು ಮೊದಲು ಸಿಕ್ಕ ಮುಂಗಡಕ್ಕೆ ಕೈ ಚಾಚುತ್ತಾನೆ. ತೊಂದರೆ ಶುರುವಾಗುವುದೇ ಅಲ್ಲಿ.

4. ಯಾವ ಬಂದರು? ಹೇಗೆ ಹೋಗುವುದು?

ಮಂಗಳೂರಿನ ದಕ್ಕೆ, ಉಡುಪಿಯ ಮಲ್ಪೆ, ಕುಂದಾಪುರದ ಹತ್ತಿರದ ಗಂಗೊಳ್ಳಿ. ಇನ್ನೂ ಉತ್ತರಕ್ಕೆ ಭಟ್ಕಳ, ಹೊನ್ನಾವರ, ತದಡಿ, ಕಾರವಾರ. ಹೊಸಬರಿಗೆ ಮೊದಲ ಎರಡೇ ಸಾಕು. ಕೆಲಸ ಜಾಸ್ತಿ, ಆಸ್ಪತ್ರೆ ಹತ್ತಿರ, ಒಂದು ಕಡೆ ಸರಿಯಾಗದಿದ್ದರೆ ಇನ್ನೊಂದು ಕಡೆ ಕೇಳಬಹುದು.

ಹಾಸನ, ಸಕಲೇಶಪುರದಿಂದ ಮಂಗಳೂರಿಗೆ ಶಿರಾಡಿ ಮೂಲಕ ಬಸ್ಸು ಬೇಕಾದಷ್ಟಿದೆ. ಮಲ್ಪೆಗೆ ಹೋಗುವವರಿಗೆ ಬೆಂಗಳೂರು–ಕಾರವಾರ ಪಂಚಗಂಗಾ ರೈಲು ಅನುಕೂಲ. ರಾತ್ರಿ ಹಾಸನದಲ್ಲಿ ಹತ್ತಿದರೆ ಬೆಳಗಾಗುವುದರೊಳಗೆ ಉಡುಪಿ. ಉಡುಪಿ ಪೇಟೆಯಿಂದ ಮಲ್ಪೆಗೆ ಆರೇಳು ಕಿಲೋಮೀಟರ್. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಮಂಗಳೂರು. ಕೊಪ್ಪ, ಶೃಂಗೇರಿಯವರು ಕಾರ್ಕಳದ ಕಡೆ ಇಳಿದರೆ ಉಡುಪಿ ಹತ್ತಿರ. ಜುಲೈ ಕೊನೆಯಲ್ಲಿ ಹೊರಡುವವರು ಘಟ್ಟ ತೆರೆದಿದೆಯಾ ಎಂದು ಮುಂಚೆ ವಿಚಾರಿಸಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿಯಲ್ಲಿ ಓಡಾಟವೇ ನಿಂತಿತ್ತು.

5. ದಕ್ಕೆಯಲ್ಲಿ ಕೆಲಸ ಕೇಳುವುದು

ಇದಕ್ಕೆ ಅರ್ಜಿ, ಇಂಟರ್‌ವ್ಯೂ ಏನೂ ಇಲ್ಲ. ಬೆಳಗಿನ ಜಾವ ಹರಾಜು ನಡೆಯುವಾಗ ಅಲ್ಲಿರಬೇಕು. ಆದರೆ ಆ ಗಡಿಬಿಡಿಯಲ್ಲಿ ಯಾರನ್ನೂ ಮಾತಾಡಿಸಬೇಡಿ. ಸುಮ್ಮನೆ ನಿಂತು ನೋಡಿ. ಯಾವ ಬೋಟಿನವರು ಕೆಲಸದವರ ಜೊತೆ ಹೇಗೆ ಮಾತಾಡುತ್ತಾರೆ, ಯಾವ ಬೋಟಿನಲ್ಲಿ ಲೈಫ್ ಜಾಕೆಟ್ ಕಣ್ಣಿಗೆ ಬೀಳುತ್ತದೆ, ಎಲ್ಲಿ ಹುಡುಗರು ನಗುತ್ತ ಕೆಲಸ ಮಾಡುತ್ತಿದ್ದಾರೆ. ಅಷ್ಟು ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಹತ್ತು ಗಂಟೆಯ ಮೇಲೆ ಚಹಾ ಅಂಗಡಿಯಲ್ಲಿ ಮಾತಿಗೆ ಸಿಗುತ್ತಾರೆ.

ಬೋಟಿನ ಮುಖ್ಯಸ್ಥನನ್ನು ತಾಂಡೇಲ ಎನ್ನುತ್ತಾರೆ. ಬೋಟಿನ ಧಣಿ ಬೇರೆ, ತಾಂಡೇಲ ಬೇರೆ. ಕೆಲಸಕ್ಕೆ ಯಾರನ್ನು ಹತ್ತಿಸಿಕೊಳ್ಳಬೇಕು ಎಂಬುದು ಬಹುಪಾಲು ತಾಂಡೇಲನ ಕೈಯಲ್ಲಿ. ದಡದ ಕೆಲಸಕ್ಕಾದರೆ ಲೋಡಿಂಗ್ ಗುಂಪಿನ ಮೇಸ್ತ್ರಿ ಅಥವಾ ಏಜೆಂಟರ ಕಡೆಯವರು. ಮಾತು ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ:

"ಅಣ್ಣಾ, ನಾನು ಸಕಲೇಶಪುರ ಕಡೆಯವನು. ಹೊಸಬ. ದಡದಲ್ಲಿ ಕೆಲಸ ಇದ್ದರೆ ಮಾಡ್ತೀನಿ."

"ಈಜು ಬರ್ತದಾ?"

"ಹೊಳೆಯಲ್ಲಿ ಈಜ್ತೀನಿ. ಕಡಲು ಗೊತ್ತಿಲ್ಲ."

"ಬೋಟಿಗೆ ಈಗಲೇ ಬೇಡ ಮಾರಾಯ. ಮೊದಲು ಬಾಕ್ಸ್ ಹೊರು, ಆಮೇಲೆ ನೋಡುವ."

ಹೀಗೆ ಹೇಳುವವನು ಒಳ್ಳೆಯವನು. ಅವನ ಹತ್ತಿರವೇ ನಿಲ್ಲಿ. "ಏನೂ ಗೊತ್ತಿರಬೇಕಿಲ್ಲ, ನಾಳೆಯೇ ಹತ್ತು ದಿನಕ್ಕೆ ಬಾ, ಇಗೋ ದುಡ್ಡು" ಎನ್ನುವವನಿಂದ ದೂರ ಇರಿ. ಹಳಬರು ಅವನ ಬೋಟು ಬಿಟ್ಟು ಯಾಕೆ ಹೋದರು ಎಂದು ಚಹಾ ಅಂಗಡಿಯಲ್ಲಿ ಕೇಳಿದರೆ ಉತ್ತರ ಸಿಗುತ್ತದೆ.

ಸುಳ್ಳು ಹೇಳಬೇಡಿ. ಎರಡು ವರ್ಷ ಅನುಭವ ಇದೆ ಎಂದು ಹೇಳಿ ಬೋಟು ಹತ್ತಿದರೆ ಬಲೆಯ ಹಗ್ಗ ಸುತ್ತಿ ಎಳೆಯುವ ಯಂತ್ರದ, ಅಂದರೆ ವಿಂಚ್ ಹತ್ತಿರ ನಿಲ್ಲಿಸುತ್ತಾರೆ. ಅಲ್ಲಿ ಗೊತ್ತಿಲ್ಲದವನಿಗೆ ಬೆರಳು ಹೋಗುತ್ತದೆ, ಪಕ್ಕದವನ ಜೀವವೂ ಹೋಗಬಹುದು.

ದಕ್ಕೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ತೆಲುಗು, ಹಿಂದಿ ಎಲ್ಲ ಕಿವಿಗೆ ಬೀಳುತ್ತವೆ. ಕನ್ನಡದಲ್ಲೇ ನಿಭಾಯಿಸಬಹುದು. ಇತರ ಭಾಷೆಯಲ್ಲಿ ಎಳಿ, ಬಿಡು, ನಿಲ್ಲು, ಹಿಂದೆ ಸರಿ, ಈ ನಾಲ್ಕಾದರೂ ಮೊದಲ ದಿನವೇ ಕೇಳಿ ಕಲಿಯಿರಿ.

6. ಪಾಲಿನ ಲೆಕ್ಕ

ಹೊಸಬರು ಮೋಸ ಹೋಗುವುದು, ಮೋಸ ಇಲ್ಲದ ಕಡೆಯೂ ತಪ್ಪು ತಿಳಿದು ಜಗಳ ಆಡುವುದು ಇಲ್ಲೇ. ನಿಧಾನವಾಗಿ ಓದಿ.

ದಡದಲ್ಲಿ ದಿನಗೂಲಿ ಅಥವಾ ಬಾಕ್ಸಿಗೆ ಇಷ್ಟು ಎಂದು. ಬೋಟಿನಲ್ಲಿ ಹಾಗಲ್ಲ. ಅಲ್ಲಿ ಪಾಲು. ಕೆಲವು ಕಡೆ ಪಾಲಿನ ಜೊತೆ ದಿನಕ್ಕಿಷ್ಟು ಬತ್ತೆ ಇರುತ್ತದೆ, ಕೆಲವು ಕಡೆ ತಿಂಗಳ ಸಂಬಳ. ಒಂದು ಬಂದರಿನಿಂದ ಇನ್ನೊಂದಕ್ಕೆ, ಒಂದು ಬೋಟಿನಿಂದ ಇನ್ನೊಂದಕ್ಕೆ ಇದು ಬದಲಾಗುತ್ತದೆ. ಹಾಗಾಗಿ "ಪಾಲು ಎಷ್ಟು?" ಎಂದು ಕೇಳಿದರೆ ಸಾಲದು. "ಪಾಲು ಯಾವುದರ ಮೇಲೆ?" ಎಂದು ಕೇಳಬೇಕು. ಒಟ್ಟು ಮಾರಾಟದ ಮೇಲೋ, ಡೀಸೆಲ್, ಐಸ್, ರೇಷನ್ ಖರ್ಚು ಕಳೆದು ಉಳಿದದ್ದರ ಮೇಲೋ?

ಲೆಕ್ಕ ತಿಳಿಯಲಿ ಎಂದು ಅಂಕಿ ಹಿಡಿದು ನೋಡೋಣ. ಇವು ನಾನೇ ಹಾಕಿಕೊಂಡ ಅಂಕಿಗಳು, ಯಾವ ಬೋಟಿನ ದರವೂ ಅಲ್ಲ. ಬೋಟಿನಲ್ಲಿ 8 ಜನ. ತಾಂಡೇಲನಿಗೆ 2 ಪಾಲು, ಉಳಿದ 7 ಜನಕ್ಕೆ ಒಂದೊಂದು. ಒಟ್ಟು 9 ಪಾಲು. ಒಂದು ಟ್ರಿಪ್ಪಿನ ಖರ್ಚು 4 ಲಕ್ಷ ಎಂದುಕೊಳ್ಳಿ. ಒಬ್ಬ ಧಣಿ ಖರ್ಚು ಕಳೆದು ಉಳಿದದ್ದರಲ್ಲಿ ಶೇ 30 ಕೊಡುತ್ತಾನೆ. ಇನ್ನೊಬ್ಬ ಒಟ್ಟು ಮಾರಾಟದಲ್ಲಿ ಶೇ 10.

ಮೀನು 6 ಲಕ್ಷಕ್ಕೆ ಹೋದರೆ ಇಬ್ಬರ ಕಡೆಯೂ ಕೆಲಸದವರಿಗೆ ಸಿಗುವುದು 60,000. ಒಂದು ಪಾಲಿಗೆ, ಅಂದರೆ ನಿಮ್ಮ ತಲೆಗೆ 6,666. ವ್ಯತ್ಯಾಸವೇ ಇಲ್ಲ.

ಮೀನು ಚೆನ್ನಾಗಿ ಬಿದ್ದು 9 ಲಕ್ಷವಾದರೆ? ಮೊದಲನೆಯವನ ಬೋಟಿನಲ್ಲಿ ಉಳಿದ 5 ಲಕ್ಷದ ಶೇ 30, ಅಂದರೆ ಒಂದೂವರೆ ಲಕ್ಷ. ತಲೆಗೆ 16,666. ಎರಡನೆಯವನಲ್ಲಿ 90,000, ತಲೆಗೆ 10,000.

ಮೀನು ಕಡಿಮೆಯಾಗಿ 4 ಲಕ್ಷ 20 ಸಾವಿರ ಮಾತ್ರ ಬಂದರೆ? ಮೊದಲನೆಯವನಲ್ಲಿ ಉಳಿದದ್ದು 20,000. ಅದರ ಶೇ 30 ಎಂದರೆ 6,000. ಹತ್ತು ದಿನ ದುಡಿದವನಿಗೆ 666 ರೂಪಾಯಿ. ಎರಡನೆಯವನಲ್ಲಿ 42,000, ತಲೆಗೆ 4,666.

ಶೇ 30 ಎಂದು ಕೇಳಿದಾಗ ದೊಡ್ಡದಾಗಿ ಕಾಣುತ್ತದೆ, ಶೇ 10 ಚಿಕ್ಕದಾಗಿ. ಆದರೆ ಮನೆಗೆ ತಿಂಗಳು ತಿಂಗಳು ಹಣ ಕಳಿಸಲೇಬೇಕಾದ ಹೊಸಬನಿಗೆ ಎರಡನೆಯದೇ ವಾಸಿ. ಇಲ್ಲವಾದರೆ ಮೀನು ಬಿದ್ದರೂ ಬೀಳದಿದ್ದರೂ ಸಿಗುವ ಬತ್ತೆ ಎಷ್ಟು ಎಂದು ಗಟ್ಟಿ ಮಾಡಿಕೊಂಡ ಮೇಲೆಯೇ ಮೊದಲನೆಯದಕ್ಕೆ ಒಪ್ಪಬೇಕು.

ಕೇಳಬೇಕಾದ ಇನ್ನೂ ಕೆಲವು: ಬಲೆ ಹರಿದರೆ ಅದರ ಖರ್ಚು ಯಾರ ತಲೆಗೆ? ಎಂಜಿನ್ ಕೆಟ್ಟು ಬೋಟು ನಿಂತ ದಿನಗಳಿಗೆ ಊಟದ ಖರ್ಚು ಸಿಗುತ್ತದಾ? ಫಿಶ್ ಮಿಲ್‌ಗೆ ಹೋಗುವ ಸಣ್ಣ ಮೀನಿನ ದುಡ್ಡು ಒಟ್ಟು ಮಾರಾಟದಲ್ಲಿ ಸೇರುತ್ತದಾ? ಪದಾರ್ಥಕ್ಕೆ ಮನೆಗೆ ಒಯ್ಯುವ ಮೀನು ಎಷ್ಟು? ಲೆಕ್ಕ ಟ್ರಿಪ್ಪಿಗೊಮ್ಮೆಯೋ, ತಿಂಗಳಿಗೊಮ್ಮೆಯೋ, ಸೀಸನ್ ಮುಗಿದ ಮೇಲೋ? ಕೊನೆಯದಕ್ಕೆ "ಸೀಸನ್ ಮುಗಿದ ಮೇಲೆ" ಎಂಬ ಉತ್ತರ ಬಂದರೆ ಆ ಬೋಟು ಬೇಡ.

ನೋಟ್‌ಬುಕ್ ಇದಕ್ಕೇ. ಹೋದ ತಾರೀಕು, ಬಂದ ತಾರೀಕು, ಮಾರಾಟದ ಮೊತ್ತ, ಹೇಳಿದ ಖರ್ಚು, ನಿಮ್ಮ ಪಾಲು, ನೀವು ತಗೊಂಡದ್ದು. ಟ್ರಿಪ್ಪಿಗೆ ಒಂದು ಸಾಲು. ಹಣವನ್ನು ಆದಷ್ಟು ಬ್ಯಾಂಕಿಗೆ ಅಥವಾ ಫೋನ್‌ಪೇಗೆ ಹಾಕಿಸಿಕೊಳ್ಳಿ. ನಾಳೆ ಜಗಳವಾದರೆ ಕಾರ್ಮಿಕ ಇಲಾಖೆಯ ಮುಂದೆ ತೋರಿಸಲು ಅದೇ ಆಧಾರ.

7. ಮುಂಗಡ

ಸೀಸನ್ ಶುರುವಿನಲ್ಲಿ ಬೋಟಿನವರು ಕೆಲಸದವರಿಗೆ ಮುಂಗಡ ಕೊಡುವುದು ಅಲ್ಲಿನ ವಾಡಿಕೆ. ಅದರಲ್ಲಿ ತಪ್ಪೇನಿಲ್ಲ. ಜನ ಕೈ ಬಿಟ್ಟರೆ ಬೋಟು ದಡದಲ್ಲೇ ನಿಲ್ಲುತ್ತದೆ, ಧಣಿಗೂ ಬ್ಯಾಂಕಿನ ಸಾಲ ಇರುತ್ತದೆ. ಮುಂಗಡ ತಗೊಂಡು ಓಡಿಹೋದವರಿಂದ ನೊಂದ ಧಣಿಗಳೂ ಇದ್ದಾರೆ. ಆದರೆ ದೊಡ್ಡ ಮುಂಗಡ ಹೊತ್ತವನಿಗೆ ಬೋಟು ಸರಿ ಇಲ್ಲದಿದ್ದರೂ, ಮೈ ಹುಷಾರಿಲ್ಲದಿದ್ದರೂ ಇಳಿಯುವ ಸ್ವಾತಂತ್ರ್ಯ ಇರುವುದಿಲ್ಲ. ನನ್ನ ಸಲಹೆ ಇಷ್ಟು: ಒಂದು ತಿಂಗಳ ದುಡಿಮೆಗಿಂತ ಜಾಸ್ತಿ ಮುಂಗಡ ಮುಟ್ಟಬೇಡಿ. ತಗೊಂಡರೆ ಬರೆಸಿಕೊಳ್ಳಿ, ಎಷ್ಟು ಟ್ರಿಪ್ಪಿನಲ್ಲಿ ಹೇಗೆ ಮುರಿದುಕೊಳ್ಳುತ್ತಾರೆ ಎಂದೂ ಬರೆಸಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಆಧಾರ್ ಕಾರ್ಡನ್ನು ಯಾರ ಕೈಯಲ್ಲೂ "ಇಟ್ಟುಕೊಂಡಿರಿ" ಎಂದು ಬಿಡಬೇಡಿ. ಊರಿನಿಂದ ಕರೆದುಕೊಂಡು ಹೋಗುವ ದಲ್ಲಾಳಿಗೆ ನೀವು ದುಡ್ಡು ಕೊಡಬೇಕಾಗಿಯೇ ಇಲ್ಲ.

8. ಜೀವ ಉಳಿಸಿಕೊಳ್ಳುವುದು

ಕಡಲಿನ ಅಪಾಯ ಎಂದರೆ ಬಿರುಗಾಳಿ ಎಂದುಕೊಳ್ಳುತ್ತೇವೆ. ದಕ್ಕೆಯಲ್ಲೇ ಜನ ಸಾಯುತ್ತಾರೆ ಎಂಬುದು ನಮ್ಮ ಕಡೆಯವರಿಗೆ ಗೊತ್ತಿಲ್ಲ. ಬೋಟುಗಳನ್ನು ಒಂದರ ಪಕ್ಕ ಒಂದು ಕಟ್ಟಿರುತ್ತಾರೆ. ರಾತ್ರಿ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕಾಲು ಜಾರಿ ನಡುವೆ ಬಿದ್ದವರು ಎಷ್ಟೋ ಜನ. ಬಿದ್ದದ್ದು ಯಾರಿಗೂ ಕಾಣುವುದಿಲ್ಲ. ಕುಡಿದು ದಾಟಬೇಡಿ, ಒಬ್ಬರೇ ದಾಟಬೇಡಿ, ಟಾರ್ಚ್ ಇಲ್ಲದೆ ದಾಟಬೇಡಿ. ಬೋಟಿನಲ್ಲಿ ರಾತ್ರಿ ಮೂತ್ರಕ್ಕೆ ಅಂಚಿಗೆ ಹೋಗುವಾಗ ಪಕ್ಕದವನನ್ನು ಎಬ್ಬಿಸಿ ಹೇಳಿ ಹೋಗಿ. ನಾಚಿಕೆ ಬೇಡ.

ವಿಂಚ್ ತಿರುಗುವಾಗ, ಎಳೆತಕ್ಕೆ ಬಿಗಿದ ರೋಪಿನ ಹತ್ತಿರ ನಿಲ್ಲಬೇಡಿ. ಅಂಥ ರೋಪು ತುಂಡಾದರೆ ಕೈಕಾಲು ಮುರಿಯುತ್ತದೆ. ಸುತ್ತಿ ಬಿದ್ದ ಹಗ್ಗದ ನಡುವೆ ಕಾಲಿಡಬೇಡಿ. ಸಡಿಲ ಬಟ್ಟೆ, ಕೈಬಳೆ, ಉಂಗುರ ಬೇಡ. ತೊರಕೆ ಮೀನಿನ ಬಾಲದ ಮುಳ್ಳು, ಕಡಲ ಮುಗುಡು ಜಾತಿಯ ಮೀನುಗಳ ಮುಳ್ಳು ವಿಷ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟುಕೊಂಡರೆ ನೋವು ಇಳಿಯುತ್ತದೆ. ದಡಕ್ಕೆ ಬಂದ ಕೂಡಲೇ ಡಾಕ್ಟರಿಗೆ ತೋರಿಸಿ.

ಕೊಳೆತ ಮೀನು ಇದ್ದ ಬೋಟಿನ ಸ್ಟೋರೇಜ್, ಕಾರ್ಖಾನೆಯ ತ್ಯಾಜ್ಯದ ಟ್ಯಾಂಕ್ ಇವುಗಳೊಳಗೆ ಯಾರು ಹೇಳಿದರೂ ಸುಮ್ಮನೆ ಇಳಿಯಬೇಡಿ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಒಂದು ಮೀನು ಘಟಕದಲ್ಲಿ ತ್ಯಾಜ್ಯದ ಟ್ಯಾಂಕಿಗೆ ಇಳಿದವನೊಬ್ಬ ಕುಸಿದ. ಅವನನ್ನು ಎತ್ತಲು ಹೋದವರೂ ಕುಸಿದರು. 5 ಜನ ಸತ್ತರು. ಎಲ್ಲರೂ ಹೊರಗಿನಿಂದ ದುಡಿಯಲು ಬಂದ ಹುಡುಗರು. ಒಳಗೆ ಬಿದ್ದವನನ್ನು ಕಂಡರೆ ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ. ಉಸಿರಾಟದ ಉಪಕರಣ ಇಲ್ಲದೆ ಹಿಂದೆ ಹಾರಬೇಡಿ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು 7 ಜನರೊಂದಿಗೆ ಕಾಣೆಯಾಯಿತು. ಮರು ವರ್ಷ ಮೇನಲ್ಲಿ ನೌಕಾಪಡೆಯವರಿಗೆ ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಸಮೀಪದ ಕಡಲ ತಳದಲ್ಲಿ ಸಿಕ್ಕಿತು. ಅನುಭವಿ ಮೀನುಗಾರರಿಗೇ ಹೀಗಾಗುತ್ತದೆ ಎಂದರೆ ಹೊಸಬರು ಎಷ್ಟು ಎಚ್ಚರದಲ್ಲಿರಬೇಕು ಯೋಚಿಸಿ. ಹತ್ತುವ ಮುಂಚೆ ವೈರ್‌ಲೆಸ್ ಸೆಟ್ ಕೆಲಸ ಮಾಡುತ್ತದಾ, ನಿಮ್ಮ ತಲೆಗೊಂದು ಲೈಫ್ ಜಾಕೆಟ್ ಇದೆಯಾ ನೋಡಿ. ಬೋಟಿನ ಹೆಸರು, ನೋಂದಣಿ ನಂಬರ್, ಧಣಿಯ ಫೋನ್ ನಂಬರ್ ಬರೆದು ಮನೆಗೆ ಕಳಿಸಿ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದು ಮಳೆಗಾಲದ ಹಿಂದೆ ಮುಂದೆ. ಒಖಿ ಬಂದದ್ದು 2017ರ ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ. ತೌಕ್ತೆ 2021ರ ಮೇನಲ್ಲಿ. ಹವಾಮಾನ ಇಲಾಖೆ ಕಡಲಿಗೆ ಇಳಿಯಬೇಡಿ ಎಂದ ದಿನ ಹೊರಡುವ ಬೋಟಿನಲ್ಲಿ ನೀವಿರಬೇಡಿ. ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಪೊಲೀಸ್ 1093. ಈಗಲೇ ಮೊಬೈಲಿಗೆ ಹಾಕಿಕೊಳ್ಳಿ.

ರಾತ್ರಿ ಪ್ರಖರ ದೀಪ ಹಾಕಿ ಮೀನನ್ನು ಸೆಳೆದು ಹಿಡಿಯುವ ಲೈಟ್ ಫಿಶಿಂಗ್, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಮಾಡುವ ಬೋಟುಗಳೂ ಇವೆ. ಎರಡನ್ನೂ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಸಿಕ್ಕಿಬಿದ್ದರೆ ಬೋಟು ಜಪ್ತಿಯಾಗುತ್ತದೆ, ನಿಮ್ಮ ಪಾಲೂ ಅದರ ಜೊತೆ ಹೋಗುತ್ತದೆ. ಮೀನಿನ ಸಂತತಿಯನ್ನೇ ಹಾಳು ಮಾಡುವ ಕೆಲಸಕ್ಕೆ ಕೈ ಹಾಕಬಾರದು ಎಂಬುದು ನನ್ನ ಮಾತು.

ಹೊಟ್ಟೆ ತೊಳಸುವುದು ಮಲೆನಾಡಿನವನಿಗೆ ಬಿಟ್ಟಿದ್ದಲ್ಲ. ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ, ಎಣ್ಣೆ ಪದಾರ್ಥ ತಿಂದೂ ಹತ್ತಬೇಡಿ. ಡೀಸೆಲ್ ಹೊಗೆಯಿಂದ ದೂರ, ಗಾಳಿ ಬರುವ ಕಡೆ ನಿಂತು ದೂರದ ಅಂಚನ್ನು ನೋಡಿ. ವಾಂತಿ ಮಾತ್ರೆ ನಿದ್ದೆ ತರಿಸುತ್ತದೆ. ಡಾಕ್ಟರನ್ನು ಕೇಳದೆ ನುಂಗಿ ಬಲೆ ಎಳೆಯಲು ನಿಲ್ಲಬೇಡಿ.

ವಿಮೆಯ ವಿಷಯ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಗುಂಪು ಅಪಘಾತ ವಿಮೆ ಇದೆ. ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ ಎರಡೂವರೆ ಲಕ್ಷ, ಆಸ್ಪತ್ರೆ ಖರ್ಚಿಗೆ 25,000 ರೂಪಾಯಿವರೆಗೆ. 18ರಿಂದ 70 ವರ್ಷದವರಿಗೆ. ಕಂತನ್ನು ಸರ್ಕಾರವೇ ಕಟ್ಟುತ್ತದೆ. ಆದರೆ ಹೆಸರು ಪಟ್ಟಿಯಲ್ಲಿರಬೇಕು. ಬೋಟು ಹತ್ತುವ ಮುಂಚೆ ಧಣಿಯನ್ನು ಕೇಳಿ, ಬಂದರಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲೂ ವಿಚಾರಿಸಿ.

9. ಹೆಂಗಸರಿಗೆ

ಸಿಗಡಿ ಸುಲಿಯುವುದು, ಬೊಂಡಾಸ್ ಸ್ವಚ್ಛ ಮಾಡುವುದು, ಗ್ರೇಡಿಂಗ್, ಪ್ಯಾಕಿಂಗ್ ಇವು ಹೆಚ್ಚಾಗಿ ಹೆಂಗಸರೇ ಮಾಡುವ ಕೆಲಸಗಳು. ಸಾದಾ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ದುಡ್ಡು ಕೊಡದೆ ಹೋಗಿ ಒಮ್ಮೆ ಘಟಕವನ್ನು ಕಣ್ಣಾರೆ ನೋಡಿ ಬರಬಹುದು. ನೋಡದೆ ಒಪ್ಪಬೇಡಿ. ಉಳಿಯುವ ಕೋಣೆಯಲ್ಲಿ ಎಷ್ಟು ಜನ, ಒಳಗಿನಿಂದ ಚಿಲಕ ಇದೆಯಾ, ಶೌಚಾಲಯ ಹೇಗಿದೆ, ರಾತ್ರಿ ಪಾಳಿ ಮುಗಿದ ಮೇಲೆ ಕರೆದುಕೊಂಡು ಬಿಡುವವರು ಯಾರು? ಇಬ್ಬರು ಮೂವರು ಪರಿಚಯದವರು ಒಟ್ಟಿಗೆ ಹೋಗಿ.

ಕೂಲಿ ಕಿಲೋ ಲೆಕ್ಕದಲ್ಲಾದರೆ ಸುಲಿದ ಮೇಲಿನ ತೂಕವೋ, ಸುಲಿಯುವ ಮುಂಚಿನದ್ದೋ ಕೇಳಿ. ಎರಡಕ್ಕೂ ತುಂಬಾ ವ್ಯತ್ಯಾಸ. ದಿನವಿಡೀ ಐಸ್ ನೀರಿನಲ್ಲಿ ಕೈ ಇದ್ದರೆ ಬೆರಳ ಸಂದಿ ಹುಣ್ಣಾಗುತ್ತದೆ. ಗ್ಲೌಸ್ ಕೊಡುತ್ತಾರಾ ನೋಡಿ, ರಾತ್ರಿ ಕೈ ಒಣಗಿಸಿ ಕೊಬ್ಬರಿ ಎಣ್ಣೆ ಹಚ್ಚಿ. ದೊಡ್ಡ ಘಟಕವಾದರೆ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇರಬೇಕು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ನಂಬರ್ ಕೇಳಿ ಬರೆದುಕೊಳ್ಳಿ. ಸೀಸನ್ ಮುಗಿದು ಊರಿಗೆ ಬಂದ ಮೇಲೂ ಪಿಎಫ್ ಹಣ ನಿಮ್ಮದೇ.

10. ಒಂದು ಸೀಸನ್ ಆದ ಮೇಲೆ

ಕೆಲಸ ಹಿಡಿಸಿತು ಅಂದರೆ ಕೂಲಿಯಲ್ಲೇ ಉಳಿಯಬೇಡಿ. ಬಲೆ ಹೆಣೆಯುವುದು, ಎಂಜಿನ್ ರಿಪೇರಿ, ಐಸ್ ಪ್ಲಾಂಟಿನ ಯಂತ್ರ, ಯಾವುದಾದರೂ ಒಂದನ್ನು ಕಲಿಯಿರಿ. ಬಲೆ ಕೆಲಸ ಬಲ್ಲವನಿಗೆ ನಿಷೇಧದ ಜೂನ್, ಜುಲೈಯಲ್ಲೂ ದುಡಿಮೆ ಇದೆ. ಹತ್ತನೇ ತರಗತಿ ಪಾಸಾದ, ಇನ್ನೂ ಚಿಕ್ಕ ವಯಸ್ಸಿನ ಹುಡುಗರು ಕೊಚ್ಚಿಯಲ್ಲಿರುವ ಕೇಂದ್ರ ಸರ್ಕಾರದ ಸಿಫ್‌ನೆಟ್ ಸಂಸ್ಥೆಯ ಬಗ್ಗೆ ವಿಚಾರಿಸಿ. ಮೀನುಗಾರಿಕಾ ಹಡಗು ನಡೆಸುವ, ಅದರ ಎಂಜಿನ್ ನೋಡಿಕೊಳ್ಳುವ ಎರಡು ವರ್ಷದ ಕೋರ್ಸ್ ಅಲ್ಲಿದೆ. ಪಿಯುಸಿ ವಿಜ್ಞಾನ ಓದಿದವರಿಗೆ ಮಂಗಳೂರಿನಲ್ಲೇ ಮೀನುಗಾರಿಕಾ ಕಾಲೇಜು ಇದೆ, 1969ರಿಂದ. ರೈತರ ಮಕ್ಕಳಿಗೆ ಅದು ಒಳ್ಳೆಯ ದಾರಿ.

ಮೇ ತಿಂಗಳಲ್ಲಿ ಊರಿಗೆ ಹೊರಡುವ ಮುಂಚೆ ಧಣಿಯ ಹತ್ತಿರ ಕೂತು ನೋಟ್‌ಬುಕ್ಕಿನ ಲೆಕ್ಕ ಸಾಲು ಸಾಲಾಗಿ ಮುಗಿಸಿಕೊಳ್ಳಿ. "ಬಾಕಿ ಆಗಸ್ಟ್‌ಗೆ ಬಂದಾಗ ಕೊಡ್ತೇನೆ" ಎಂದರೆ ಎಷ್ಟು ಎಂದು ಬರೆಸಿ, ಸಹಿ ಹಾಕಿಸಿ, ಫೋಟೊ ತೆಗೆದು ಮನೆಯವರ ಫೋನಿಗೂ ಕಳಿಸಿ. ಮುಂದಿನ ಸೀಸನ್ನಿಗೆ ಅದೇ ಬೋಟಿಗೆ ಬರುತ್ತೀರಾ ಇಲ್ಲವಾ ಎಂಬುದನ್ನು ಆಗಲೇ ಬಾಯಿಬಿಟ್ಟು ಹೇಳಿ. ಬರುವುದಿಲ್ಲ ಎಂದರೆ ಅವರು ಬೇರೆ ಜನ ನೋಡಿಕೊಳ್ಳುತ್ತಾರೆ. ಬರುವುದಾದರೆ ಜುಲೈ 20ರೊಳಗೆ ಒಂದು ಫೋನ್ ಮಾಡಿ.